ಮೀನು ಕಡಿಮೆಯಾದಾಗ ಕೈ ಬಿಗಿ ಹಿಡಿಯಬೇಕಾದವರು ಗಾಳದವರಾ, ಬಲೆಯವರಾ?

ಗಾಳದ ದಾರ:

ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ. ಉದ್ದ ಆದರೆ ಕ್ಷಮಿಸಿ.

ನಾನು 15 ವರ್ಷದಿಂದ ರಜೆಯ ದಿನ ಗಾಳ ಹಾಕುತ್ತಿದ್ದೇನೆ. ಹಿಡಿದದ್ದನ್ನು ಮಾರುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ವಾಪಸ್ ನೀರಿಗೇ ಬಿಡುತ್ತೇನೆ. ಈ ಸಲ ನಾವು ಹೋಗುವ ನೀರಿನಲ್ಲಿ ಒಬ್ಬರಿಗೆ ದಿನಕ್ಕೆ 5 ಮೀನು ಅಂತ ಇದ್ದ ಮಿತಿಯನ್ನು 2ಕ್ಕೆ ಇಳಿಸಿದ್ದಾರೆ. ಮೀನಿನ ಸಂತತಿ ಕುಗ್ಗಿದೆ ಅನ್ನುವುದು ಕಾರಣ. ಒಪ್ಪಿದೆ. ಆದರೆ ಅದೇ ನೀರಿನಲ್ಲಿ ಬಲೆಯ ಬೋಟು ಒಂದೇ ಎಳೆತಕ್ಕೆ ಎತ್ತುವಷ್ಟು ಮೀನನ್ನು ನಾನು ಜೀವಮಾನವಿಡೀ ಕೂತರೂ ಹಿಡಿಯಲಾರೆ. ಹಾಗಿದ್ದ ಮೇಲೆ ಕತ್ತರಿ ಮೊದಲು ನಮ್ಮ ಮೇಲೆ ಯಾಕೆ?

ಇದರ ಜೊತೆ ಒಂದು ಅಳುಕೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೋದ ತಿಂಗಳು ಸುಮಾರು 40 ಮೀಟರ್ ಆಳದಲ್ಲಿ 7 ಮೀನು ಸಿಕ್ಕಿದವು. ಒಂದೂ ಅಳತೆಗೆ ಬರಲಿಲ್ಲ, ನಿಯಮದಂತೆ ಎಲ್ಲವನ್ನೂ ಬಿಟ್ಟೆ. 7ರಲ್ಲಿ 5 ಹೊಟ್ಟೆ ಮೇಲಾಗಿ ತೇಲಿದವು. ಕಣ್ಣು ಉಬ್ಬಿತ್ತು, ಬಾಯಿಂದ ಚೀಲದಂಥದ್ದು ಹೊರಗೆ ಬಂದಿತ್ತು. ನಾನು ನೋಡುತ್ತಿದ್ದಂತೆ ಹಕ್ಕಿಗಳು ಬಂದು ಎತ್ತಿಕೊಂಡು ಹೋದವು. ನನ್ನ ಲೆಕ್ಕದಲ್ಲಿ ಆ ದಿನ ಹಿಡಿದದ್ದು ಸೊನ್ನೆ. ನೀರಿನ ಲೆಕ್ಕದಲ್ಲಿ 5 ಹೋಯಿತು. ಅವತ್ತಿನಿಂದ "ನಾವು ಬಿಟ್ಟುಬಿಡುತ್ತೇವೆ, ನಮ್ಮಿಂದ ಏನೂ ತೊಂದರೆ ಇಲ್ಲ" ಅಂತ ಗಟ್ಟಿಯಾಗಿ ಹೇಳಲು ಬಾಯಿ ಬರುತ್ತಿಲ್ಲ.

ಬಲೆಯ ಕಸುಬಿನವರು, ಈ ಲೆಕ್ಕ ಬಲ್ಲವರು ಯಾರಾದರೂ ಇದ್ದರೆ ಹೇಳಿ. ಒಪ್ಪದವರೂ ಬರೆಯಿರಿ, ಕಾರಣ ಕೊಟ್ಟು ಬರೆಯಿರಿ.

ಹಾಯಿಹಗ್ಗ:

ನಾನು ಬಲೆಯ ಕಡೆಯವನು, ಅಪ್ಪನ ಕಾಲದಿಂದ ಇದೇ ಕಸುಬು. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಬಲೆ ಅಂದ ತಕ್ಷಣ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮದು 4 ಜನ ದುಡಿಯುವ ಚಿಕ್ಕ ಬೋಟು. ತಿಂಗಳುಗಟ್ಟಲೆ ಸಮುದ್ರದಲ್ಲೇ ಇದ್ದು, ಹಿಡಿದದ್ದನ್ನು ಅಲ್ಲೇ ಕತ್ತರಿಸಿ ಶೀತಲ ಪೆಟ್ಟಿಗೆಗೆ ತುಂಬುವ ಹಡಗು ಬೇರೆ, ನಾವು ಬೇರೆ.

ನಮಗೆ ಕೋಟಾ ಇದೆ. ಬಂದರಿಗೆ ಬಂದ ತಕ್ಷಣ ತೂಕ, ಪುಸ್ತಕದಲ್ಲಿ ದಾಖಲೆ, ಜಾಸ್ತಿ ಬಂದರೆ ದಂಡ. ಬೋಟು ಎಲ್ಲಿದೆ ಅಂತ ತೋರಿಸುವ ಯಂತ್ರ ಬೇರೆ. ನಿಮ್ಮ ಮೀನನ್ನು ಯಾರು ತೂಗುತ್ತಾರೆ? ಒಬ್ಬರದು 2 ಮೀನು, ಆಯಿತು. ರಜೆಯ ದಿನ ಅಂಥ 500 ಜನ ಬಂದರೆ 1,000 ಮೀನು. ಹನಿ ಹನಿಗೂಡಿದರೆ ಹಳ್ಳ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ನಿಮಗೆ ತಲೆಗಿಷ್ಟು ಅಂತ ಮಿತಿ ಇದೆ, ಆದರೆ ಎಷ್ಟು ತಲೆ ಅನ್ನುವುದಕ್ಕೆ ಮಿತಿ ಇಲ್ಲ. ಮುಂದಿನ ವರ್ಷ ಇನ್ನೂ 300 ಜನ ಲೈಸೆನ್ಸ್ ತೆಗೆದುಕೊಂಡರೆ ಆ ಮೀನು ಎಲ್ಲಿಂದ ಬರಬೇಕು? ನಮ್ಮ ಪಾಲಿನಿಂದಲೇ ಅಲ್ವಾ?

ನೀವು ತೇಲಿದ ಮೀನಿನ ಮಾತು ಬರೆದದ್ದಕ್ಕೆ ಥ್ಯಾಂಕ್ಸ್. ಗಾಳದವರು ಅದನ್ನು ಹೇಳುವುದು ಕಡಿಮೆ. ನಮ್ಮ ಕಡೆಯ ತಪ್ಪನ್ನೂ ನಾನು ಮುಚ್ಚಿಡುವುದಿಲ್ಲ. ಬಲೆಯಲ್ಲಿ ಬೇಡದ ಮೀನು ಬರುತ್ತದೆ, ಅದರಲ್ಲಿ ಬಹಳಷ್ಟು ಸತ್ತೇ ನೀರಿಗೆ ವಾಪಸ್ ಹೋಗುತ್ತದೆ.

ಎಣಿಕೆ ಪುಸ್ತಕ:

ಕೆಲವು ವರ್ಷ ದಡದಲ್ಲಿ ನಿಂತು, ಹವ್ಯಾಸದ ದೋಣಿಗಳು ವಾಪಸ್ ಬಂದಾಗ ಮೀನು ಎಣಿಸಿ ಅಳೆಯುವ ಕೆಲಸ ಮಾಡಿದ್ದೇನೆ. ಅದರಿಂದ ಹಾಯಿಹಗ್ಗ ಅವರು ಕೇಳಿದ "ಯಾರು ತೂಗುತ್ತಾರೆ" ಅನ್ನುವುದಕ್ಕೆ ಉತ್ತರ ಕೊಡಬಲ್ಲೆ.

ಎಲ್ಲರನ್ನೂ ತೂಗಲು ಆಗುವುದಿಲ್ಲ. ಕಸುಬಿನ ಮೀನು ಕೆಲವೇ ಬಂದರುಗಳಿಗೆ ಬರುತ್ತದೆ. ಹವ್ಯಾಸದ ಮೀನು ನೂರಾರು ಕಡೆ ದಡ ಸೇರುತ್ತದೆ, ಕೆಲವು ಸಲ ರಾತ್ರಿ ಹೊತ್ತು. ಹಾಗಾಗಿ ಎರಡು ಅಂದಾಜು ಮಾಡುತ್ತಾರೆ. ಜನ ಒಟ್ಟು ಎಷ್ಟು ಸಲ ಮೀನಿಗೆ ಹೋದರು ಅನ್ನುವುದು ಒಂದು. ಒಂದು ಸಲ ಹೋದರೆ ಸರಾಸರಿ ಎಷ್ಟು ಹಿಡಿದರು ಅನ್ನುವುದು ಇನ್ನೊಂದು. ಎರಡನ್ನೂ ಗುಣಿಸಿದರೆ ಒಟ್ಟು ಸಿಗುತ್ತದೆ. ಎರಡನೆಯದಕ್ಕೆ ನನ್ನಂಥವರು ದಡದಲ್ಲಿ ನಿಲ್ಲುತ್ತಾರೆ. ಮೊದಲನೆಯದು ಜನರ ನೆನಪನ್ನು ಕೇಳಿ ಬರೆಯುವುದು, ತೊಂದರೆ ಇರುವುದೇ ಅಲ್ಲಿ.

ಅಮೆರಿಕದಲ್ಲಿ ಏನಾಯಿತು ನೋಡಿ. ಅಲ್ಲಿ ಸಮುದ್ರ ಮೀನಿನ ಲೆಕ್ಕ ಇಡುವ ಸರ್ಕಾರಿ ಸಂಸ್ಥೆ ನೋವಾ ಮೊದಲು ಕರಾವಳಿಯ ಮನೆಗಳಿಗೆ ಫೋನ್ ಮಾಡಿ ಕೇಳುತ್ತಿತ್ತು. 2018ರಲ್ಲಿ ಅದನ್ನು ಬಿಟ್ಟು ಅಂಚೆಯಲ್ಲಿ ಪ್ರಶ್ನೆ ಪತ್ರ ಕಳಿಸುವ ಪದ್ಧತಿಗೆ ಪೂರ್ತಿ ಬಂದರು. ಜನ ಮೀನಿಗೆ ಹೋಗುವ ಸಲಗಳ ಅಂದಾಜು ಏಕಾಏಕಿ ಬಹಳ ಮೇಲೆ ಹೋಯಿತು, ಹಳೆಯ ವರ್ಷಗಳ ಲೆಕ್ಕವನ್ನೂ ತಿದ್ದಬೇಕಾಯಿತು. ಮತ್ತೆ 2023ರಲ್ಲಿ ಅದೇ ಸಂಸ್ಥೆ ಒಂದು ಸಣ್ಣ ಪರೀಕ್ಷೆ ಮಾಡಿ, ಪತ್ರದಲ್ಲಿ ಪ್ರಶ್ನೆಗಳ ಕ್ರಮದಿಂದಾಗಿ ಅಂದಾಜು 30ರಿಂದ 40 ಶೇಕಡಾ ಜಾಸ್ತಿ ಬಂದಿರಬಹುದು ಅಂತ ಹೇಳಿತು. ಎರಡು ತಿಂಗಳ ಬಗ್ಗೆ ಮೊದಲು ಕೇಳಿ ಆಮೇಲೆ ವರ್ಷದ ಬಗ್ಗೆ ಕೇಳುವುದಾ, ಅಥವಾ ಮೊದಲು ವರ್ಷ, ಆಮೇಲೆ ಎರಡು ತಿಂಗಳಾ, ಅಷ್ಟೇ ವ್ಯತ್ಯಾಸ. ಅಷ್ಟರಿಂದ ಲಕ್ಷಾಂತರ ಸಲಗಳು ಲೆಕ್ಕದಲ್ಲಿ ಆಚೀಚೆ ಆಗುತ್ತವೆ.

ಇನ್ನೊಂದು ಲೆಕ್ಕ. 2004ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಅಮೆರಿಕದಲ್ಲಿ ದಡ ಸೇರುವ ಒಟ್ಟು ಸಮುದ್ರ ಮೀನಿನಲ್ಲಿ ಹವ್ಯಾಸದವರ ಪಾಲು 4 ಶೇಕಡಾ ಮಾತ್ರ. ಇಷ್ಟೇ ಕೇಳಿದರೆ ಗಾಳದ ದಾರ ಅವರು ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ಅದಾಗಲೇ ಕುಗ್ಗಿ ಆತಂಕ ಹುಟ್ಟಿಸಿದ್ದ ಮೀನುಗಳನ್ನು ಮಾತ್ರ ತೆಗೆದುಕೊಂಡರೆ ಅದೇ ಪಾಲು 23 ಶೇಕಡಾ. ಯಾಕೆಂದರೆ ಗಾಳದವರು ಎಲ್ಲ ಮೀನಿನ ಹಿಂದೆ ಹೋಗುವುದಿಲ್ಲ, ದೊಡ್ಡದಾಗಿ ಬೆಳೆಯುವ ಕೆಲವೇ ಜಾತಿಗಳ ಹಿಂದೆ ಹೋಗುತ್ತಾರೆ. ಕಸುಬಿನ ಟನ್‌ಗಳಲ್ಲಿ ಹಿಟ್ಟು, ಎಣ್ಣೆಗೆ ಹೋಗುವ ಸಣ್ಣ ಮೀನೂ ಸೇರಿರುತ್ತದೆ. ಎಲ್ಲ ಮೀನನ್ನೂ ಕೂಡಿಸಿ ಯಾರು ಜಾಸ್ತಿ ಅಂತ ಕೇಳಿದರೆ ಉತ್ತರಕ್ಕೆ ಅರ್ಥ ಇಲ್ಲ. ಜಾತಿ ಜಾತಿಯಾಗಿ ಕೇಳಬೇಕು.

ಮುಂಜಾನೆ ನೀರು:

ನಾನು ಗಾಳದವನು, ನನ್ನ ಮಾತು ನೇರ. ಒಂದು ಮೀನು ಹಿಡಿಯಲು ನಾವು ದೋಣಿಗೆ, ಎಣ್ಣೆಗೆ, ಗಾಳದ ಸಾಮಾನಿಗೆ, ಉಳಿದುಕೊಳ್ಳಲು ಮಾಡುವ ಖರ್ಚು ಲೆಕ್ಕ ಹಾಕಿ. ಅದೇ ಮೀನು ಹರಾಜಿನಲ್ಲಿ ತರುವ ಹಣ ಅದರ ಹತ್ತಿರಕ್ಕೂ ಬರುವುದಿಲ್ಲ. ಇರುವ ಮೀನು ಕಡಿಮೆ ಅಂದರೆ ಜಾಸ್ತಿ ಜನಕ್ಕೆ ಕೆಲಸ ಕೊಡುವ ಕಡೆಗೆ ಅದನ್ನು ಬಿಡಬೇಕು. ಟೆಕ್ಸಾಸ್ 1981ರಲ್ಲೇ ರೆಡ್ ಡ್ರಮ್ ಮೀನಿನ ಮಾರಾಟ ನಿಲ್ಲಿಸಿತು. ಫ್ಲಾರಿಡಾದಲ್ಲಿ 1994ರಲ್ಲಿ ಮತಕ್ಕೇ ಹಾಕಿದರು, 72 ಶೇಕಡಾ ಜನ ದಡದ ಹತ್ತಿರ ಸಿಕ್ಕುಬಲೆ ಬೇಡ ಅಂದರು. ಇಡೀ ಊರಿನ ಆಸ್ತಿ ಅದು. ನಾಲ್ಕು ಬೋಟಿನವರ ಆಸ್ತಿ ಅಲ್ಲ.

ಹಾಯಿಹಗ್ಗ:

ಮುಂಜಾನೆ ನೀರು ಅವರೇ, ನೀವು ಒಂದು ಕಡೆ ಖರ್ಚು ಇಟ್ಟಿದ್ದೀರಿ, ಇನ್ನೊಂದು ಕಡೆ ದರ ಇಟ್ಟಿದ್ದೀರಿ. ಅದು ಹೇಗೆ ಸರಿ? ನಿಮ್ಮ ಖರ್ಚನ್ನು ನನ್ನ ಖರ್ಚಿನ ಜೊತೆ ಇಡಿ. ನಾನೂ ಎಣ್ಣೆ, ಐಸು, ಬಲೆ, ರಿಪೇರಿ ಅಂತ ಸುರಿಯುತ್ತೇನೆ. ನನ್ನ ಮೀನು ಬೋಟಿನಿಂದ ಇಳಿದ ಮೇಲೆ ಹೊರುವವರು, ಸ್ವಚ್ಛ ಮಾಡುವ ಹೆಂಗಸರು, ಲಾರಿಯವರು, ಮಾರುವವರು ಅಂತ ಎಷ್ಟೋ ಕೈಗೆ ಕೆಲಸ ಕೊಡುತ್ತದೆ. ನೀವು ಈ ವರ್ಷ ಮೀನಿಗೆ ಹೋಗದಿದ್ದರೆ ಆ ಹಣವನ್ನು ಬೇರೆ ಯಾವುದಾದರೂ ರಜೆಗೆ ಖರ್ಚು ಮಾಡುತ್ತೀರಿ. ನಾನು ಹೋಗದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಇಡೀ ಊರಿನ ಆಸ್ತಿ ಅಂದಿರಿ. ಒಪ್ಪುತ್ತೇನೆ. ಹಾಗಾದರೆ ದೋಣಿ ಇಲ್ಲದವರ, ಗಾಳ ಹಿಡಿಯಲು ಬಾರದವರ ಪಾಲು ಅವರಿಗೆ ಸಿಗುವುದು ಹೇಗೆ? ನಮ್ಮಂಥವರು ಹಿಡಿದು ಮಾರಿದರೆ ಮಾತ್ರ. ಬಲೆ ನಿಂತರೆ ಆ ಮೀನು ಊರಿನದ್ದಾಗುವುದಿಲ್ಲ, ದೋಣಿ ಇಟ್ಟುಕೊಳ್ಳಲು ಶಕ್ತಿ ಇರುವವರದ್ದಾಗುತ್ತದೆ. ಮತಕ್ಕೆ ಹಾಕಿದರೆ ನಾವು ಯಾವಾಗಲೂ ಸೋಲುತ್ತೇವೆ, ನಮ್ಮ ಸಂಖ್ಯೆಯೇ ಅಷ್ಟು.

ಹೊಸ ಕೊಕ್ಕೆ:

ನಾನು ಈಗಷ್ಟೇ ಶುರು ಮಾಡಿದವಳು. ಒಂದು ಸಣ್ಣ ಪ್ರಶ್ನೆ. ಮೀನು ಕಡಿಮೆಯಾಗಿದೆ ಅಂತ ಇಲಾಖೆಯವರಿಗೆ ಗೊತ್ತಾಗುವುದು ಹೇಗೆ? ನಾವು ಹೋದಾಗೆಲ್ಲ ಸಿಗುತ್ತಲೇ ಇದೆ. ಸಿಗುತ್ತಿದೆ ಅಂದರೆ ಇದೆ ಅಂತ ತಾನೆ?

ಎಣಿಕೆ ಪುಸ್ತಕ:

ಪ್ರಶ್ನೆ ಸಣ್ಣದಲ್ಲ. ಇದೇ ತಪ್ಪಿನಿಂದ ಒಂದು ಸಮುದ್ರವೇ ಖಾಲಿಯಾಗಿದೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಹತ್ತಿರದ ಕಾಡ್ ಮೀನಿನ ಕಥೆ ಅದು. 1968ರಲ್ಲಿ ಅಲ್ಲಿ ಒಂದೇ ವರ್ಷ 8 ಲಕ್ಷ ಟನ್‌ಗೂ ಜಾಸ್ತಿ ಎತ್ತಿದರು. ಆಮೇಲೆ ಹೊರಗಿನ ಹಡಗುಗಳನ್ನು ದೂರ ಇಟ್ಟರು, ಇನ್ನು ಮೀನು ಚೇತರಿಸಿಕೊಳ್ಳುತ್ತದೆ ಅಂತ ನಂಬಿದರು. 1980ರ ದಶಕದ ಕೊನೆಗೂ ದೊಡ್ಡ ಟ್ರಾಲರುಗಳಿಗೆ ಚೆನ್ನಾಗಿ ಮೀನು ಸಿಗುತ್ತಲೇ ಇತ್ತು. ಕಾರಣ, ಸಂಖ್ಯೆ ಕುಗ್ಗಿದರೂ ಕಾಡ್ ಮೀನು ಹಿಂಡು ಬಿಡುವುದಿಲ್ಲ, ಉಳಿದ ಜಾಗ ಬಿಟ್ಟು ಕೆಲವೇ ಕಡೆ ಗುಂಪು ಸೇರುತ್ತದೆ. ಟ್ರಾಲರು ಆ ಗುಂಪನ್ನೇ ಹುಡುಕಿ ಹೋಗುತ್ತದೆ. ದಡದ ಹತ್ತಿರ ಚಿಕ್ಕ ದೋಣಿಯವರು ಮೀನು ಬರುತ್ತಿಲ್ಲ ಅಂತ ಹೇಳುತ್ತಿದ್ದರು, ಅವರ ಮಾತಿಗೆ ಬೆಲೆ ಸಿಗಲಿಲ್ಲ. 1992ರ ಜುಲೈ 2ರಂದು ಮೀನುಗಾರಿಕೆ ನಿಲ್ಲಿಸಿದರು. 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷ ಅಂತ ಹೇಳಿದ್ದು 2024ರವರೆಗೆ ಹೋಯಿತು. ತೆರೆದಾಗ ಕೊಟ್ಟ ಮಿತಿ 18,000 ಟನ್. 8 ಲಕ್ಷದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ.

ಅದಕ್ಕೇ ಹಿಡಿಯುವವರ ಅನುಭವ ಒಂದನ್ನೇ ನಂಬುವುದಿಲ್ಲ. ಸಮೀಕ್ಷೆಯ ಬೋಟು ಪ್ರತಿ ವರ್ಷ ಒಂದೇ ರೀತಿಯ ಬಲೆಯನ್ನು, ಮೀನು ಇರುವ ಕಡೆಯೂ ಇಲ್ಲದ ಕಡೆಯೂ ಎಳೆದು ನೋಡುತ್ತದೆ. ಮೀನಿನ ತಲೆಯೊಳಗೆ ಕಿವಿಯ ಕಲ್ಲು ಅಂತ ಇರುತ್ತದೆ, ಅದನ್ನು ಸೀಳಿದರೆ ಮರದ ಉಂಗುರದಂತೆ ವರ್ಷದ ಗೆರೆಗಳು ಕಾಣುತ್ತವೆ. ನಾನು ಸಾವಿರಾರು ಕಲ್ಲು ತೆಗೆದಿದ್ದೇನೆ. ಎಲ್ಲ 3, 4 ವರ್ಷದವೇ ಬರುತ್ತಿದ್ದು 10 ವರ್ಷ ದಾಟಿದ್ದು ಒಂದೂ ಇಲ್ಲ ಅಂದರೆ, ಎಷ್ಟೇ ಮೀನು ಸಿಗುತ್ತಿರಲಿ, ಮುಂದೆ ಕಷ್ಟ ಇದೆ ಅಂತ ಅರ್ಥ. ವಯಸ್ಸಾದ ಹೆಣ್ಣು ಮೀನು ಮೊಟ್ಟೆ ಇಡುವುದು ತೂಕಕ್ಕೆ ತಕ್ಕಷ್ಟಲ್ಲ, ಅದಕ್ಕಿಂತ ಬಹಳ ಜಾಸ್ತಿ. 2018ರ ಒಂದು ಅಧ್ಯಯನದ ಪ್ರಕಾರ 30 ಕಿಲೋದ ಒಂದು ಹೆಣ್ಣು ಕಾಡ್ ಇಡುವಷ್ಟು ಮೊಟ್ಟೆ ಇಡಲು 2 ಕಿಲೋದ 28 ಹೆಣ್ಣು ಮೀನು ಬೇಕು.

ಇಲ್ಲಿ ಗಾಳದವರಿಗೆ ಒಂದು ಮಾತು. ದಾಖಲೆಗೆ, ಫೋಟೋಗೆ ಅಂತ ಎಲ್ಲಕ್ಕಿಂತ ದೊಡ್ಡ ಮೀನನ್ನೇ ಮನೆಗೆ ಒಯ್ಯುವುದು ಬಿತ್ತನೆ ಬೀಜ ಬೇಯಿಸಿಕೊಂಡಂತೆ. ಕನಿಷ್ಠ ಅಳತೆ ಒಂದೇ ಸಾಲದು, ಗರಿಷ್ಠ ಅಳತೆಯೂ ಬೇಕು. ಮಧ್ಯದ ಗಾತ್ರದ್ದನ್ನು ಇಟ್ಟುಕೊಳ್ಳಿ, ಮರಿಯನ್ನೂ ಹಿರಿಯಳನ್ನೂ ಬಿಡಿ.

ಗಾಳದ ದಾರ:

ಕಾಡ್ ಮೀನಿನ ಕಥೆ ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಆದರೆ ಅದು ಪೂರ್ತಿ ಬಲೆಯ ಕಥೆ ಅಲ್ವಾ? ಹವ್ಯಾಸದವರಿಂದಲೇ ಮೀನು ಕುಗ್ಗಿದ್ದು ಎಲ್ಲಾದರೂ ಇದೆಯಾ? ಕೆಣಕಲು ಕೇಳುತ್ತಿಲ್ಲ, ನಿಜಕ್ಕೂ ತಿಳಿಯಬೇಕು.

ಎಣಿಕೆ ಪುಸ್ತಕ:

ಇದೆ. ಅಮೆರಿಕದ ಪೂರ್ವ ಕರಾವಳಿಯ ಸ್ಟ್ರೈಪ್ಡ್ ಬಾಸ್. 1970ರ ದಶಕದ ಕೊನೆಗೆ ಅದು ಕುಸಿದಾಗ ಬಲೆ, ಗಾಳ ಎರಡಕ್ಕೂ ಬಿಗಿ ಮಾಡಿದರು. ಮೇರಿಲ್ಯಾಂಡ್ ರಾಜ್ಯ 1985ರಿಂದ 5 ವರ್ಷ ಪೂರ್ತಿ ನಿಲ್ಲಿಸಿತು. ಮೀನು ತಿರುಗಿ ಬಂತು, 1995ರಲ್ಲಿ ಚೇತರಿಸಿದೆ ಅಂತ ಘೋಷಿಸಿದರು. ಎಲ್ಲರೂ ಸೇರಿ ಗೆದ್ದ ಕೆಲಸ ಅದು. ಆಮೇಲೆ ಅದು ಗಾಳದವರ ಅಚ್ಚುಮೆಚ್ಚಿನ ಮೀನಾಯಿತು. 2019ರಲ್ಲಿ ಬಂದ ವರದಿ, ಸಂತತಿ ಮತ್ತೆ ಮಿತಿಗಿಂತ ಕೆಳಗೆ ಹೋಗಿದೆ ಅಂತ ಹೇಳಿತು. ಈ ಸಲ ಸಾಯುವ ಮೀನಿನಲ್ಲಿ ಸುಮಾರು 90 ಶೇಕಡಾ ಹವ್ಯಾಸದ ಪಾಲು.

ಅದಕ್ಕಿಂತ ಮುಖ್ಯವಾದ ಮಾತು ಇಲ್ಲಿದೆ. ಅಲ್ಲಿನ ಗಾಳದವರು ಹಿಡಿದದ್ದರಲ್ಲಿ ಬಹುಪಾಲು ಬಿಟ್ಟೇ ಬಿಡುತ್ತಾರೆ. ಬಿಟ್ಟ 100ರಲ್ಲಿ 9 ಸಾಯುತ್ತವೆ ಅಂತ ಲೆಕ್ಕ ಹಿಡಿದಿದ್ದಾರೆ. 9 ಅಂದರೆ ಕಡಿಮೆ ಅನ್ನಿಸುತ್ತದೆ. ಆದರೆ ಬಿಡುವುದೇ ಕೋಟಿಗಳ ಲೆಕ್ಕದಲ್ಲಿ ಇದ್ದಾಗ, ಕೆಲವು ವರ್ಷ ಒಟ್ಟು ಸಾವಿನಲ್ಲಿ ಹೆಚ್ಚು ಕಡಿಮೆ ಅರ್ಧ ಹೀಗೆ ಬಿಟ್ಟ ಮೀನಿನದ್ದೇ ಆಗಿದೆ. ಯಾರ ಮನೆಗೂ ಹೋಗದ, ಯಾರೂ ಮಾರದ ಮೀನು. ನೀವು ಹೇಳಿದ ಆ 5 ಮೀನಿನ ಹಾಗೆ.

ದಿನಕ್ಕೆ ಇಷ್ಟು ಅನ್ನುವ ಮಿತಿ ಇಳಿಸಿದರೆ ಮನೆಗೆ ಒಯ್ಯುವುದು ಕಡಿಮೆಯಾಗುತ್ತದೆ, ಹಿಡಿದು ಬಿಡುವುದು ಕಡಿಮೆಯಾಗುವುದಿಲ್ಲ. ನಿಮ್ಮ ಮಿತಿಯನ್ನು 5ರಿಂದ 2ಕ್ಕೆ ಇಳಿಸಿದರೂ ನೀವು ಅಷ್ಟೇ ಹೊತ್ತು ಗಾಳ ಹಾಕಿ ಕೂತರೆ ಪೂರ್ತಿ ಲಾಭ ಸಿಗುವುದಿಲ್ಲ.

ಮುಂಜಾನೆ ನೀರು:

ಇದು ಗೊತ್ತಿರಲಿಲ್ಲ. ಆದರೂ ಒಂದು ಕೇಳುತ್ತೇನೆ. ರೆಡ್ ಸ್ನ್ಯಾಪರ್ ವಿಷಯದಲ್ಲಿ ಗಾಳದವರಿಗೆ ವರ್ಷಕ್ಕೆ 3 ದಿನ ಕೊಟ್ಟಿದ್ದರಲ್ಲ, ಬಲೆಯವರಿಗೆ ವರ್ಷಪೂರ್ತಿ. ಅದು ನ್ಯಾಯವಾ?

ಎಣಿಕೆ ಪುಸ್ತಕ:

ಅದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಚರ್ಚೆಯ ಎಲ್ಲ ಗಂಟುಗಳೂ ಅದರಲ್ಲೇ ಇವೆ.

ಮೆಕ್ಸಿಕೋ ಕೊಲ್ಲಿಯ ರೆಡ್ ಸ್ನ್ಯಾಪರ್. ಮೊದಲೇ ಹೇಳಬೇಕು, ಅಲ್ಲಿ ಅದನ್ನು ಹಿಡಿಯುವ ಕಸುಬಿನವರೂ ಬಹುಪಾಲು ಗಾಳದವರೇ, ಬಲೆಯವರಲ್ಲ. 1990ರಲ್ಲಿ ಕಸುಬಿನವರಿಗೆ 51, ಹವ್ಯಾಸದವರಿಗೆ 49 ಅಂತ ಪಾಲು ಮಾಡಿದರು. ಮೊದಮೊದಲು ಕಸುಬಿನವರದ್ದೂ ಓಟವೇ. ತಿಂಗಳಲ್ಲಿ ಕೆಲವು ದಿನ ಮಾತ್ರ ತೆರೆಯುವುದು, ಗಾಳಿ ಮಳೆ ನೋಡದೆ ಎಲ್ಲ ಬೋಟೂ ನುಗ್ಗುವುದು, ಒಟ್ಟಿಗೇ ಮೀನು ಬಂದು ದರ ಬೀಳುವುದು. 2007ರಲ್ಲಿ ಒಬ್ಬೊಬ್ಬರಿಗೆ ಅವರದೇ ಪಾಲು ಅಂತ ಕೊಟ್ಟರು. ನಿನ್ನ ಪಾಲಿನ ತೂಕ ನಿನ್ನದು, ಯಾವಾಗ ಬೇಕಾದರೂ ಹಿಡಿದುಕೋ ಅಂತ. ಓಟ ನಿಂತಿತು. ವರ್ಷಪೂರ್ತಿ ಅಂತ ಕಾಣುವುದು ಅದಕ್ಕೇ. ತೂಕ ಜಾಸ್ತಿ ಸಿಕ್ಕಿಲ್ಲ, ಹಿಡಿಯುವ ದಿನ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು.

ಹವ್ಯಾಸದವರಿಗೆ ಹಾಗೆ ಹಂಚಲು ಆಗುವುದಿಲ್ಲ, ಜನ ಅಷ್ಟು ಇದ್ದಾರೆ. ಅವರಿಗೆ ದಿನಗಳ ಮಿತಿ ಹಾಕಿದರು. ಆಮೇಲೆ ಮೀನು ಚೇತರಿಸಿಕೊಂಡಿತು. ಚೇತರಿಸಿಕೊಂಡದ್ದೇ ತೊಂದರೆಯಾಯಿತು. ಮೀನು ಜಾಸ್ತಿ, ಗಾತ್ರವೂ ದೊಡ್ಡದು, ಹಾಗಾಗಿ ಒಂದು ದಿನದಲ್ಲಿ ಮೊದಲಿಗಿಂತ ಎಷ್ಟೋ ಜಾಸ್ತಿ ತೂಕ ದಡಕ್ಕೆ ಬರುತ್ತಿತ್ತು. ಪಾಲು ಬೇಗ ಮುಗಿಯುತ್ತಿತ್ತು. ಜೊತೆಗೆ ರಾಜ್ಯಗಳು ತಮ್ಮ ದಡದ ನೀರನ್ನು ಬೇರೆ ಬೇರೆ ದಿನ ತೆರೆದಿಡುತ್ತಿದ್ದವು, ಆ ಮೀನೂ ಅದೇ ಪಾಲಿನಿಂದ ಹೋಗುತ್ತಿತ್ತು. 2012ರಲ್ಲಿ 46 ದಿನ ಇದ್ದ ಕಾಲ 2014ಕ್ಕೆ 9 ದಿನ, 2017ಕ್ಕೆ 3 ದಿನಕ್ಕೆ ಬಂತು. ಗದ್ದಲ ಎಷ್ಟಾಯಿತು ಅಂದರೆ ಆ ವರ್ಷ ಸರ್ಕಾರ ಇನ್ನೂ 39 ದಿನ ಸೇರಿಸಿತು, ಮಿತಿ ದಾಟುತ್ತದೆ ಅಂತ ಗೊತ್ತಿದ್ದೂ. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ 3 ದಿನ ಅನ್ನುವುದೂ ಸರಿಯಾದ ದಾರಿ ಆಗಿರಲಿಲ್ಲ. 3 ದಿನ ಮಾತ್ರ ಅಂದರೆ ಹವಾಮಾನ ಕೆಟ್ಟಿದ್ದರೂ ಜನ ಸಮುದ್ರಕ್ಕೆ ಇಳಿಯುತ್ತಾರೆ, ಜೀವ ಹೋಗುವ ಕೆಲಸ ಅದು. ಉಳಿದ ದಿನ ಬೇರೆ ಮೀನಿಗೆ ಹೋದವರ ಗಾಳಕ್ಕೂ ರೆಡ್ ಸ್ನ್ಯಾಪರ್ ಬೀಳುತ್ತದೆ, ಬಿಡಬೇಕು, ಆಳದಿಂದ ಬಂದದ್ದು ಸಾಯುತ್ತದೆ.

ಈ ನಡುವೆ ಇಬ್ಬರ ಪಾಲನ್ನು ಬದಲಿಸಿ ಹವ್ಯಾಸದವರಿಗೆ 51.5 ಮಾಡಲು ಹೋದರು. ಕಸುಬಿನವರು ಕೋರ್ಟಿಗೆ ಹೋದರು, 2017ರಲ್ಲಿ ಅದು ಬಿದ್ದುಹೋಯಿತು. ಎಲ್ಲರೂ 2.5 ಶೇಕಡಾಗೆ ಬಡಿದಾಡುತ್ತಿದ್ದಾಗ, ಮರಿ ರೆಡ್ ಸ್ನ್ಯಾಪರುಗಳು ಸಿಗಡಿ ಬಲೆಗೆ ಬಿದ್ದು ಸಾಯುತ್ತಿದ್ದದ್ದು ಎಷ್ಟೋ ವರ್ಷ ಅತಿ ದೊಡ್ಡ ನಷ್ಟವಾಗಿತ್ತು. 1998ರಿಂದ ಆ ಬಲೆಗಳಲ್ಲಿ ಮರಿ ಮೀನು ತಪ್ಪಿಸಿಕೊಳ್ಳುವ ಕಿಂಡಿ ಕಡ್ಡಾಯ ಮಾಡಿದ ಮೇಲೆ, ಸಿಗಡಿ ಬೋಟುಗಳೂ ಕಡಿಮೆಯಾದ ಮೇಲೆ ಮೀನಿಗೆ ಉಸಿರು ಬಂತು.

ಪರಿಹಾರ ಅಂತ ಬಂದದ್ದು ಪಾಲು ಬದಲಿಸಿ ಅಲ್ಲ. 2018ರಿಂದ ಪರೀಕ್ಷೆಯಾಗಿ, 2020ರಿಂದ ಕಾಯಂ ಆಗಿ, ಹವ್ಯಾಸದ ಪಾಲನ್ನು ಕೊಲ್ಲಿಯ 5 ರಾಜ್ಯಗಳಿಗೆ ಹಂಚಿ, ನಿಮ್ಮವರ ಮೀನನ್ನು ನೀವೇ ಎಣಿಸಿ, ನಿಮ್ಮ ಪಾಲು ಮುಗಿದಾಗ ನೀವೇ ಮುಚ್ಚಿ ಅಂದರು. ಹತ್ತಿರದಿಂದ ಎಣಿಸಿದಂತೆ ದಿನಗಳೂ ಜಾಸ್ತಿ ಸಿಕ್ಕವು. ರಾಜ್ಯದ ಎಣಿಕೆಗೂ ಕೇಂದ್ರದ ಎಣಿಕೆಗೂ ತಾಳೆ ಆಗದೆ ಅದರ ಜಗಳ ಬೇರೆ ನಡೆಯಿತು.

ಹಾಗಾಗಿ ಗಾಳದ ದಾರ ಅವರ ಪ್ರಶ್ನೆಗೆ ನನ್ನ ಉತ್ತರ ಇದು. ಯಾರಿಗೆ ಮೊದಲು ಕಡಿತ ಅನ್ನುವುದು ಎರಡನೆಯ ಮಾತು. ಸತ್ತ ಮೀನು ಎಲ್ಲ ಲೆಕ್ಕಕ್ಕೆ ಬರುತ್ತಿದೆಯಾ, ಮನೆಗೆ ಹೋದದ್ದೂ, ಬಿಟ್ಟು ಸತ್ತದ್ದೂ, ಬಲೆಯಿಂದ ಚೆಲ್ಲಿದ್ದೂ, ಅದು ಮೊದಲನೆಯದು.

ತೀರದ ಮನೆ:

ಇಷ್ಟು ಹೊತ್ತು ಎರಡೇ ಗುಂಪಿನ ಮಾತು ಬಂತು. ಮೂರನೆಯವರು ಇದ್ದಾರೆ. ಮಾರಲೂ ಅಲ್ಲ, ಖುಷಿಗೂ ಅಲ್ಲ, ಮನೆಯವರ ಹೊಟ್ಟೆಗೆ ಅಂತ ದಡದಲ್ಲಿ ನಿಂತು ಹಿಡಿಯುವವರು, ತಲೆಮಾರುಗಳಿಂದ ಆ ನೀರಿನ ಹಕ್ಕು ಇರುವವರು. ಕಾಗದದಲ್ಲಿ ಅವರನ್ನು ಹವ್ಯಾಸದವರ ಜೊತೆ ಸೇರಿಸಿಬಿಡುತ್ತಾರೆ, ದಿನಕ್ಕೆ 2 ಮೀನು ಅಂದರೆ ಪೆಟ್ಟು ಬೀಳುವುದು ಅವರಿಗೇ. ನ್ಯೂಜಿಲೆಂಡಿನ ಕಾನೂನಿನಲ್ಲಿ ಒಂದು ಒಳ್ಳೆಯ ಕ್ರಮ ಇದೆ. ಒಟ್ಟು ಎಷ್ಟು ಹಿಡಿಯಬಹುದು ಅಂತ ಮೊದಲು ತೀರ್ಮಾನ. ಅದರಿಂದ ಅಲ್ಲಿನ ಮೂಲನಿವಾಸಿ ಮಾವೋರಿಗಳ ಸಾಂಪ್ರದಾಯಿಕ ಪಾಲು, ಹವ್ಯಾಸದ ಪಾಲು, ಬೇರೆ ರೀತಿಯಲ್ಲಿ ಸಾಯುವ ಮೀನಿನ ಲೆಕ್ಕ, ಇವನ್ನು ತೆಗೆದಿಟ್ಟು ಉಳಿದದ್ದು ಕಸುಬಿನವರ ಕೋಟಾ. ಸತ್ತು ಹೋಗುವುದಕ್ಕೂ ಒಂದು ಸಾಲು ಇಟ್ಟಿದ್ದಾರೆ ನೋಡಿ. ಅಲ್ಲೂ ಜಗಳ ಇಲ್ಲ ಅಂತಲ್ಲ. 2014ರಲ್ಲಿ ಅಲ್ಲಿನ ಉತ್ತರ ಭಾಗದ ಸ್ನ್ಯಾಪರಿಗೆ ಗಾಳದವರ ಮಿತಿಯನ್ನು 9ರಿಂದ 7ಕ್ಕೆ ಇಳಿಸಿ, ಅಳತೆಯನ್ನು 27ರಿಂದ 30 ಸೆಂಟಿಮೀಟರಿಗೆ ಏರಿಸಿದರು. ಕಸುಬಿನವರ ಕೋಟಾ ಹಾಗೇ ಇಟ್ಟರು. ಜನ ಕೆರಳಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಯಿಹಗ್ಗ:

ಆ ಕೋಪ ನ್ಯಾಯವಾದದ್ದು. ನನ್ನ ಕೋಟಾ ಮುಟ್ಟದೆ ನಿಮ್ಮದನ್ನು ಮಾತ್ರ ಇಳಿಸಿದರೆ ನಾಳೆ ನೀವು ನನ್ನ ಬಲೆ ನಿಲ್ಲಿಸಲು ಸಹಿ ಹಾಕುತ್ತೀರಿ, ಅದೂ ನನಗೆ ಗೊತ್ತು. ಯುರೋಪಿನ ಸೀ ಬಾಸ್ ವಿಷಯದಲ್ಲಿ ಮಾಡಿದ್ದು ಇದಕ್ಕಿಂತ ಮೇಲು ಅನ್ನಿಸುತ್ತದೆ. 2015ರ ಜನವರಿಯಲ್ಲಿ ಮೊದಲು ದೊಡ್ಡ ಟ್ರಾಲ್ ಬಲೆಗಳನ್ನು ಮೊಟ್ಟೆ ಇಡಲು ಸೇರುವ ಹಿಂಡಿನಿಂದ ದೂರ ಇಟ್ಟರು. ಆಮೇಲೆ ಗಾಳದವರಿಗೆ ದಿನಕ್ಕೆ 3 ಮೀನು, ಬೋಟುಗಳಿಗೆ ತಿಂಗಳಿಗೆ ಇಷ್ಟೇ ತೂಕ, ಎಲ್ಲರಿಗೂ ಅಳತೆ 36ರಿಂದ 42 ಸೆಂಟಿಮೀಟರ್. ಒಂದೇ ವರ್ಷದೊಳಗೆ ಎಲ್ಲರ ಮೇಲೂ ಬಂತು. ಮರು ವರ್ಷ ಗಾಳದವರಿಗೆ ಇನ್ನೂ ಬಿಗಿ ಆಯಿತು, ಅವರಿಗೂ ನೋವಾಯಿತು. ಆದರೆ ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವ ಕೆಲಸ ಮೊದಲು ನಿಂತಿತು.

ನಮ್ಮವರಿಗೂ ನಾನು ಅದನ್ನೇ ಹೇಳುತ್ತೇನೆ. ಮೊಟ್ಟೆ ಇಡುವ ಕಾಲದಲ್ಲಿ ಹಿಂಡಿನ ಮೇಲೆ ಬಲೆ ಬೀಸಿ ಆಮೇಲೆ ಗಾಳದವರನ್ನು ದೂರುವ ಬಾಯಿ ನಮಗಿಲ್ಲ.

ಗಾಳದ ದಾರ:

ಶುರು ಮಾಡಿದಾಗ ಇದ್ದ ಕೋಪ ಈಗ ಇಲ್ಲ. 5ರಿಂದ 2ಕ್ಕೆ ಇಳಿಸಿದ್ದರ ಬಗ್ಗೆ ಇನ್ನೂ ತಕರಾರು ಇದೆ, ಆದರೆ ತಕರಾರು ಬದಲಾಗಿದೆ. ನನ್ನಿಂದ ಸತ್ತ 5 ಮೀನಿನ ಬಗ್ಗೆ ಯಾರೂ ಕೇಳಲಿಲ್ಲ, ಕೇಳುವ ಜಾಗವೇ ಇಲ್ಲ. ಸಭೆಯಲ್ಲಿ ಅದನ್ನೇ ಎತ್ತುತ್ತೇನೆ. ಆಳದಿಂದ ಬಂದ ಮೀನನ್ನು ಉಳಿಸುವುದು ಹೇಗೆ, ಯಾರಾದರೂ ಮಾಡಿ ನೋಡಿದವರು ಹೇಳಿ. ಸೂಜಿಯಿಂದ ಆ ಚೀಲಕ್ಕೆ ಚುಚ್ಚಬೇಕು ಅಂತ ಒಬ್ಬರು ಹೇಳಿದರು.

ಎಣಿಕೆ ಪುಸ್ತಕ:

ಬಾಯಿಂದ ಹೊರಗೆ ಬಂದದ್ದಕ್ಕೆ ದಯವಿಟ್ಟು ಚುಚ್ಚಬೇಡಿ. ಅದು ಮೀನಿನ ಜಠರ, ಗಾಳಿಚೀಲ ಅಲ್ಲ. 40 ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದಕ್ಕಿಂತ ಸುಮಾರು 5 ಪಟ್ಟು. ಮೇಲೆ ಎಳೆದಾಗ ಒಳಗಿನ ಗಾಳಿಚೀಲ ಅಷ್ಟೇ ಪಟ್ಟು ಉಬ್ಬಿ ಜಠರವನ್ನು ಬಾಯಿಯ ಕಡೆಗೆ ತಳ್ಳುತ್ತದೆ. ಮೀನನ್ನು ವಾಪಸ್ ಆಳಕ್ಕೆ ಇಳಿಸಿದರೆ ಗಾಳಿ ತಾನಾಗಿ ಕುಗ್ಗುತ್ತದೆ. ತೂಕ ಕಟ್ಟಿದ ದಾರದ ತುದಿಯಲ್ಲಿ ಮೀನಿನ ತುಟಿ ಹಿಡಿಯುವ ಕ್ಲಿಪ್ ಇರುತ್ತದೆ, ಬೇಕಾದ ಆಳಕ್ಕೆ ಹೋದಾಗ ಬಿಟ್ಟುಕೊಳ್ಳುತ್ತದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಬಂಡೆಗಳ ನಡುವೆ ಇರುವ ಮೀನಿಗೆ ಹೋಗುವ ಬೋಟುಗಳಲ್ಲಿ ಇಂಥದ್ದು ಅಥವಾ ಗಾಳಿ ತೆಗೆಯುವ ಸೂಜಿ ಸಿದ್ಧವಾಗಿ ಇರಲೇಬೇಕು ಅಂತ 2022ರಲ್ಲಿ ನಿಯಮ ಬಂತು. ಸೂಜಿ ಹಾಕುವುದು ಕಲಿತವರ ಕೆಲಸ. ನೀವು ದಾರದ್ದನ್ನೇ ಬಳಸಿ.

ಹಾಯಿಹಗ್ಗ:

ಕ್ಲಿಪ್ ಸಿಗದಿದ್ದರೆ ಹಣ್ಣಿನ ಕ್ರೇಟನ್ನು ತಲೆಕೆಳಗು ಮಾಡಿ, ಬಾಯಿಯ ಅಂಚಿಗೆ ಸೀಸದ ಗುಂಡು ಕಟ್ಟಿ, ಮೇಲಿನ ತಳಕ್ಕೆ ಹಗ್ಗ ಹಾಕಿ ಮೀನಿನ ಮೇಲೆ ಮುಚ್ಚಿ ಇಳಿಸಿ. ಕೆಳಗೆ ಹೋದ ಮೇಲೆ ಮೀನು ತಾನೇ ಈಜಿ ಹೊರಗೆ ಹೋಗುತ್ತದೆ. ಬೋಟಿನ ಮೇಲೆ ಒಣಗಲು ಬಿಡಬೇಡಿ, ಒದ್ದೆ ಕೈಯಲ್ಲಿ ಹಿಡಿಯಿರಿ. ಬಾಗಿದ ತುದಿಯ ಸರ್ಕಲ್ ಹುಕ್ ಹಾಕಿದರೆ ಕೊಕ್ಕೆ ಬಹುಪಾಲು ಬಾಯಿಯ ಮೂಲೆಯಲ್ಲೇ ಸಿಕ್ಕುತ್ತದೆ, ಬಿಡಿಸುವುದು ಸುಲಭ. ಮತ್ತೆ ಮತ್ತೆ ಮರಿಗಳೇ ಸಿಗುತ್ತಿದ್ದರೆ ಆ ಜಾಗ ಬಿಟ್ಟು ಬೇರೆ ಕಡೆ ಹೋಗಿ, ಎಲ್ಲಕ್ಕಿಂತ ಇದು ಮುಖ್ಯ.

ಗಾಳದ ದಾರ:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಕ್ರೇಟ್ ಮಾಡಿಕೊಂಡು ಅದೇ ಆಳಕ್ಕೆ ಹೋಗಿದ್ದೆ. 6 ಚಿಕ್ಕವು ಬಂದವು. 5 ಕೆಳಗೆ ಹೋದವು, ಮೇಲೆ ಬರಲಿಲ್ಲ. ಒಂದು ತೇಲಿತು. ಆಮೇಲೆ ಜಾಗ ಬದಲಿಸಿದೆ.

ಹಾಯಿಹಗ್ಗ:

ಆ ಒಂದು ಎಷ್ಟು ಹೊತ್ತು ಬೋಟಿನ ಮೇಲೆ ಇತ್ತು?

ಗಾಳದ ದಾರ:

3 ನಿಮಿಷದ ಮೇಲೆ. ಹಳೆಯ ಕೊಕ್ಕೆ ಹಾಕಿದ್ದೆ, ಗಂಟಲಲ್ಲಿ ಸಿಕ್ಕಿಬಿಟ್ಟಿತ್ತು. ಒಂದು ಪುಸ್ತಕ ಶುರು ಮಾಡಿದ್ದೇನೆ. ಇಟ್ಟುಕೊಂಡದ್ದಕ್ಕೆ ಒಂದು ಸಾಲು, ಬಿಟ್ಟದ್ದಕ್ಕೆ ಒಂದು ಸಾಲು, ಸತ್ತದ್ದಕ್ಕೆ ಒಂದು ಸಾಲು. ಅದನ್ನು ಮೂರನೆಯ ಸಾಲಿನಲ್ಲಿ ಬರೆದಿದ್ದೇನೆ.